ಮೊದಲು ಬಾನೆಟ್, ಆಮೇಲೆ ಕಾರು

ಪ್ರಶ್ನೆ: ನನ್ನ ಕಾರಿಗೆ ಹನ್ನೊಂದು ವರ್ಷ. ಬೆಳ್ಳಿ ಬಣ್ಣ. ಇಂಜಿನ್ ಚೆನ್ನಾಗಿದೆ, ಮಾರುವ ಯೋಚನೆ ಇಲ್ಲ. ಇಡೀ ಕಾರಿಗೆ ಕ್ಯಾಂಡಿ ಕೆಂಪು ಹೊಡೆದು, ಬಾನೆಟ್ ಮೇಲೆ ಎರಡು ಕಪ್ಪು ಪಟ್ಟೆ ಎಳೆಯುವ ಆಸೆ. ಮನೆಯ ಗ್ಯಾರೇಜಿನಲ್ಲೇ, ನನ್ನ ಕೈಯಿಂದಲೇ ಆಗಬೇಕು. 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ಇದೆ. ಸಾಧಾರಣ ಸ್ಪ್ರೇ ಗನ್ ಇದೆ. ಮರದ ಬಾಗಿಲು ಬಿಟ್ಟರೆ ಬೇರೆ ಯಾವುದಕ್ಕೂ ಪೇಂಟ್ ಹೊಡೆದಿಲ್ಲ. ಎರಡು ವಾರ ರಜೆ ಇದೆ. ಇದು ಆಗುವ ಕೆಲಸವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಆಗುವ ಕೆಲಸವೇ. ಆದರೆ ನೀವು ಬರೆದ ರೀತಿಯಲ್ಲಿ ಅಲ್ಲ. ಯೋಜನೆಯನ್ನು ತಲೆಕೆಳಗು ಮಾಡಿ. ಕಾರು ಬೆಳ್ಳಿಯಾಗಿಯೇ ಇರಲಿ. ಬಾನೆಟ್ ಮೇಲಿನ ಎರಡು ಪಟ್ಟೆಗಳು ಕ್ಯಾಂಡಿ ಕೆಂಪಾಗಲಿ. ಪಟ್ಟೆಯ ಅಂಚಿಗೆ ಒಂದು ಸಣ್ಣ ಕಪ್ಪು ಗೆರೆ ಇರಲಿ. ಇಷ್ಟನ್ನು ಮೊದಲ ಸಲ ಗನ್ ಹಿಡಿದವರೂ ತಾಳ್ಮೆ ಇದ್ದರೆ ಚೆನ್ನಾಗಿ ಮಾಡಬಹುದು. ಇಡೀ ಕಾರಿನ ಕ್ಯಾಂಡಿ ಮಾತ್ರ ಈಗ ಬೇಡ. ಅದು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ಮಾಮೂಲಿ ಬಣ್ಣ ಗೋಡೆಯ ಸುಣ್ಣದ ಹಾಗೆ. ಕೆಳಗಿನದು ಮುಚ್ಚುವಷ್ಟು ಹೊಡೆದ ಮೇಲೆ ಇನ್ನೊಂದು ಕೋಟ್ ಹಾಕಿದರೂ ಬಣ್ಣ ಬದಲಾಗುವುದಿಲ್ಲ. ಕ್ಯಾಂಡಿ ಹಾಗಲ್ಲ. ಅದು ಬಣ್ಣದ ಗಾಜು. ಬೆಳಕು ಅದರೊಳಗೆ ಇಳಿದು, ಕೆಳಗಿನ ಬೆಳ್ಳಿಗೆ ತಾಗಿ, ಮತ್ತೆ ಅದೇ ಗಾಜಿನ ಮೂಲಕ ಹೊರಗೆ ಬರುತ್ತದೆ. ಆ ಆಳ, ಆ ಹೊಳಪು ಬರುವುದು ಅಲ್ಲಿಂದಲೇ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೋ ಬೈಲನ್ ಹೆಸರಾಗಿದ್ದು ಇಂಥ ಕ್ಯಾಂಡಿ ಆಪಲ್ ಕೆಂಪಿನಿಂದಲೇ. ಆದರೆ ಗಾಜು ದಪ್ಪವಾದಷ್ಟೂ ಬಣ್ಣ ಗಾಢವಾಗುತ್ತದೆ, ಅಲ್ವಾ? ಬಾಗಿಲ ಮೇಲೆ ಒಂದಿಷ್ಟು ತೆಳು, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೆ ಒಂದಿಷ್ಟು ದಪ್ಪ ಬಿದ್ದರೆ ಬಿಸಿಲಲ್ಲಿ ಎರಡು ಬೇರೆ ಕಾರಿನ ಭಾಗ ಜೋಡಿಸಿದ ಹಾಗೆ ಕಾಣುತ್ತದೆ. ಗನ್ ಒಂದು ಸಲ ಹೋದ ದಾರಿಯ ಮೇಲೆ ಇನ್ನೊಂದು ಸಲ ಹೆಚ್ಚುಕಡಿಮೆ ಬಿದ್ದರೆ ಹುಲಿಯ ಮೈಯಂತೆ ಪಟ್ಟೆ ಪಟ್ಟೆ. ಮುಂದೆ ಎಲ್ಲಾದರೂ ಗೀರು ಬಿದ್ದರೆ ಅಷ್ಟಕ್ಕೇ ಟಚ್‌ಅಪ್ ಮಾಡಲು ಬರುವುದಿಲ್ಲ. ಆ ಭಾಗ ಪೂರ್ತಿ ಮತ್ತೆ ಹೊಡೆಯಬೇಕು.

ಹತ್ತು ಸೆಂಟಿಮೀಟರ್ ಅಗಲದ ಪಟ್ಟೆಯಲ್ಲಿ ಈ ತೊಂದರೆ ಬಹುಪಾಲು ಇರುವುದೇ ಇಲ್ಲ. ಗನ್ನಿನ ಫ್ಯಾನ್, ಅಂದರೆ ಬಣ್ಣದ ಮಂಜು ಹರಡುವ ಅಗಲವನ್ನು, ಪಟ್ಟೆಗಿಂತ ಸ್ವಲ್ಪ ಹೆಚ್ಚು ಇಟ್ಟರೆ ಒಂದೇ ಬೀಸಿಗೆ ಪಟ್ಟೆಯ ಒಂದು ಕೋಟ್ ಮುಗಿಯುತ್ತದೆ. ಪಕ್ಕದಲ್ಲಿ ಇನ್ನೊಂದು ಬೀಸು ಇಲ್ಲ, ಹಾಗಾಗಿ ಒಂದರ ಮೇಲೊಂದು ಬೀಳುವ ಮಾತೂ ಇಲ್ಲ. ಫ್ಯಾನಿನ ಎರಡು ತುದಿಯಲ್ಲಿ ಬಣ್ಣ ತೆಳುವಾಗಿ ಬೀಳುತ್ತದೆ. ಆ ತುದಿಗಳು ಮಾಸ್ಕಿಂಗ್ ಪೇಪರ್ ಮೇಲೆ ಹೋಗುತ್ತವೆ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಬೆಳ್ಳಿ ಮೆಟಾಲಿಕ್ ಬಣ್ಣವನ್ನು ಹೊಂದಿಸುವುದು ಕಸುಬಿನವರಿಗೂ ಕಷ್ಟ. ಅಲ್ಯೂಮಿನಿಯಂ ಚೂರುಗಳು ಒದ್ದೆ ಪದರದಲ್ಲಿ ಒಂದು ರೀತಿ ಮಲಗುತ್ತವೆ, ಒಣ ಪದರದಲ್ಲಿ ಇನ್ನೊಂದು ರೀತಿ. ಅದೇ ಡಬ್ಬಿಯ ಬಣ್ಣವೇ ಎರಡು ಛಾಯೆ ತೋರಿಸುತ್ತದೆ. ನನ್ನ ಯೋಜನೆಯಲ್ಲಿ ನೀವು ಹೊಂದಿಸಬೇಕಾದ ಬಣ್ಣವೇ ಇಲ್ಲ. ಬಾನೆಟ್ಟಿನ ಉಳಿದ ಭಾಗ ಕಂಪನಿಯ ಬೆಳ್ಳಿಯೇ. ಅದರ ಮೇಲೆ ಬಣ್ಣವಿಲ್ಲದ ಹೊಸ ಹೊಳಪು ಪದರ ಮಾತ್ರ ಬರುತ್ತದೆ. ಫೆಂಡರ್ ಪಕ್ಕ ನಿಲ್ಲಿಸಿದರೂ ವ್ಯತ್ಯಾಸ ಕಾಣುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಗಟ್ಟಿ ಮಾತು. ಮೇಲಿನ ಹೊಳಪು ಪದರ, ಅಂದರೆ ಕ್ಲಿಯರ್ ಕೋಟ್, ಈಗ ಹೆಚ್ಚಾಗಿ ಟೂ-ಕೆ ಆಗಿರುತ್ತದೆ. ಎರಡು ಡಬ್ಬಿ: ಒಂದರಲ್ಲಿ ಕ್ಲಿಯರ್, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ಹಾರ್ಡ್ನರ್. ಆ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇದೆ. ಅದರ ಮಂಜನ್ನು ಉಸಿರಾಡಿದರೆ ಆಸ್ತಮಾ ಬರಬಹುದು. ದೇಹ ಒಮ್ಮೆ ಅದಕ್ಕೆ ಒಗ್ಗದ ಸ್ಥಿತಿಗೆ ಹೋದರೆ, ಆಮೇಲೆ ಚೂರೇ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಪೇಂಟ್ ಕೆಲಸದವರಲ್ಲಿ ಇದು ಬಹಳ ಕಾಲದಿಂದ ಗೊತ್ತಿರುವ ಕಾಯಿಲೆ. ವಾಸನೆ ನಿಮ್ಮನ್ನು ಎಚ್ಚರಿಸುವುದಿಲ್ಲ. ಮೂಗಿಗೆ ಗೊತ್ತಾಗುವ ಹೊತ್ತಿಗೆ ಮಿತಿ ಮೀರಿರುತ್ತದೆ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಇದಕ್ಕೆ ಸರಿಯಾದ ರಕ್ಷಣೆ ಎಂದರೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದುಕೊಡುವ ಮುಖವಾಡ, ಮೈ ಮುಚ್ಚುವ ಉಡುಪು, ನೈಟ್ರೈಲ್ ಗ್ಲೌಸ್. ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಅಲ್ಲ. ತಳದಲ್ಲಿ ಗುಂಡಿ ಒತ್ತಿ ಹಾರ್ಡ್ನರ್ ಬೆರೆಸುವ ಟೂ-ಕೆ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ಡಬ್ಬಿ ಚಿಕ್ಕದು ಅಂತ ಅಪಾಯ ಚಿಕ್ಕದಾಗುವುದಿಲ್ಲ. ಅದರಲ್ಲೂ ಇರುವುದು ಅದೇ ವಸ್ತು.

ಹಾಗಾಗಿ ನನ್ನ ಸಲಹೆ ಸ್ಪಷ್ಟ. ತಯಾರಿ, ಟೇಪ್, ಬಣ್ಣ ಎಲ್ಲ ನಿಮ್ಮದು. ಕ್ಲಿಯರ್ ಮಾತ್ರ ಬೂತ್ (ಪೇಂಟ್ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇರುವ ಪೇಂಟ್ ಶಾಪಿನಲ್ಲಿ ಹೊಡೆಸಿ. ಇದರಿಂದ ‘ನನ್ನ ಕೈಯಿಂದಲೇ’ ಎನ್ನುವ ನಿಮ್ಮ ಮಾತಿಗೆ ಕುಂದು ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಜನ ಹತ್ತಿರ ಬಂದು ನೋಡುವುದು ಗೆರೆಯನ್ನು, ಅದು ನಿಮ್ಮದೇ. ಬಾನೆಟ್ ಆರಿಸಿಕೊಳ್ಳಲು ಇದೂ ಒಂದು ಕಾರಣ. ಅದನ್ನು ಬಿಚ್ಚಿ ಒಯ್ಯಬಹುದು.

ಶಾಪಿನವರ ಹತ್ತಿರ ಮೊದಲೇ ಮಾತಾಡಿ. ಬೇರೆಯವರು ಹೊಡೆದ ಬಣ್ಣದ ಮೇಲೆ ಕ್ಲಿಯರ್ ಹಾಕಲು ಕೆಲವರು ಒಪ್ಪುವುದಿಲ್ಲ. ಒಪ್ಪುವವರು ಸಿಕ್ಕರೆ ಅವರು ಬಳಸುವ ಕ್ಲಿಯರ್ ಯಾವುದು ಕೇಳಿ, ಅದಕ್ಕೆ ಹೊಂದುವ ಬೇಸ್ ಕೋಟನ್ನೇ, ಅಂದರೆ ಕ್ಲಿಯರ್ ಕೆಳಗಿನ ಬಣ್ಣವನ್ನೇ, ಕೊಳ್ಳಿ. ಕ್ಯಾಂಡಿಯಲ್ಲೂ ಎರಡು ಬಗೆ ಇದೆ. ಒಂದು, ಟೂ-ಕೆ ಕ್ಲಿಯರ್‌ಗೆ ಬಣ್ಣ ಬೆರೆಸಿದ್ದು. ಇನ್ನೊಂದು, ಹಾರ್ಡ್ನರ್ ಇಲ್ಲದ ಕ್ಯಾಂಡಿ ಬೇಸ್ ಕೋಟ್. ನಿಮಗೆ ಎರಡನೆಯದೇ ಬೇಕು. ಡಬ್ಬಿಯ ಮೇಲಿನ ಬರಹ ಪೂರ್ತಿ ಓದಿ, ಏಕೆಂದರೆ ಕೆಲವು ಬೇಸ್ ಕೋಟ್‌ಗಳಿಗೂ ಆಕ್ಟಿವೇಟರ್, ಅಂದರೆ ಹಾರ್ಡ್ನರ್ ಥರದ್ದೇ ದ್ರವ, ಬೆರೆಸಲು ಹೇಳಿರುತ್ತಾರೆ. ಹಾರ್ಡ್ನರ್ ಇಲ್ಲದಿದ್ದರೂ ಥಿನ್ನರ್ ಆವಿ ಇದ್ದೇ ಇರುತ್ತದೆ. ಅದಕ್ಕೆ ಆವಿಯನ್ನು ಹೀರಿಕೊಳ್ಳುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಮತ್ತು ಧೂಳಿನ ಫಿಲ್ಟರ್ ಇರುವ ರಬ್ಬರ್ ಮುಖವಾಡ ಹಾಕಿ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಹುಡುಕಿಕೊಳ್ಳುತ್ತದೆ. ಬಾಗಿಲು ತೆರೆದಿಡಿ. ಗೀಸರ್, ಒಲೆ, ಸಿಗರೇಟು ಹತ್ತಿರ ಇರಬಾರದು. ಮನೆಯ ಮಾಮೂಲಿ ಫ್ಯಾನನ್ನು ಆವಿ ಎಳೆಯಲು ಇಡಬೇಡಿ, ಅದರ ಮೋಟರಿನಲ್ಲೋ ಸ್ವಿಚ್ಚಿನಲ್ಲೋ ಕಿಡಿ ಏಳಬಹುದು.

ಈಗ ಬಾನೆಟ್. ಮುಂದೆ ಟೇಪಿನ ಮಾತಿನಲ್ಲಿ ಬರುವ ವಿನ್ಯಾಸದ ಪರೀಕ್ಷೆ ಕಾರಿನ ಮೇಲೆಯೇ ಆಗಬೇಕು, ಬಿಚ್ಚುವ ಮೊದಲು ಅದನ್ನು ಮುಗಿಸಿಕೊಳ್ಳಿ. ಬಿಚ್ಚುವ ಮೊದಲು ಹಿಂಜ್ ಎಲ್ಲಿ ಕೂತಿದೆ ಎಂದು ಸುತ್ತ ಮಾರ್ಕರಿನಲ್ಲಿ ಗೆರೆ ಹಾಕಿ. ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಎರಡೂ ಬದಿಯ ಸಂದು ಸಮ ಮಾಡಲು ಅರ್ಧ ದಿನ ಹೋಗುತ್ತದೆ. ವೈಪರ್ ನೀರಿನ ಪೈಪ್ ಬಾನೆಟ್ಟಿಗೆ ಬಂದಿದ್ದರೆ ಕಳಚಿ. ಎತ್ತಲು ಇಬ್ಬರು ಬೇಕೇ ಬೇಕು. ಹಿಂದಿನ ಮೂಲೆಗಳಿಗೆ ದಪ್ಪ ಬಟ್ಟೆ ಸುತ್ತಿ, ಮೂಲೆ ಜಾರಿದರೆ ಗಾಜು ಹೋಗುತ್ತದೆ.

ಮೊದಲ ಕೆಲಸ ತೊಳೆಯುವುದು. ಸುಮ್ನೆ ಧೂಳು ಹೋಗುವ ಹಾಗೆ ಅಲ್ಲ. ಹನ್ನೊಂದು ವರ್ಷದ ವ್ಯಾಕ್ಸು, ಪಾಲಿಶು, ಸಿಲಿಕೋನ್ ಅಲ್ಲಿ ಕೂತಿದೆ. ಬಣ್ಣದ ದೊಡ್ಡ ಶತ್ರು ಸಿಲಿಕೋನ್. ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು, ಒದ್ದೆ ಬಣ್ಣ ಆ ಜಾಗದಿಂದ ಹಿಂದೆ ಸರಿದು ಗುಂಡಗೆ ಕುಳಿ ಬೀಳುತ್ತದೆ. ಇದಕ್ಕೆ ಮೀನಿನ ಕಣ್ಣು ಅನ್ನುತ್ತಾರೆ. ನಾನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಬಾನೆಟ್ಟನ್ನು ನಾಲ್ಕು ದಿನ ಉಜ್ಜಿ ಸಿದ್ಧ ಮಾಡಿದ್ದೆ. ಬಣ್ಣ ಹೊಡೆಯುವ ಬೆಳಿಗ್ಗೆ ಪಕ್ಕದಲ್ಲೇ ನಿಂತಿದ್ದ ಇನ್ನೊಂದು ಕಾರಿನ ಟೈರಿಗೆ ಹೊಳಪಿನ ಸ್ಪ್ರೇ ಹೊಡೆದೆ. ಮೊದಲ ಕೋಟ್ ಬಿದ್ದ ಒಂದು ನಿಮಿಷಕ್ಕೆ ಬಾನೆಟ್ ತುಂಬ ನೂರಾರು ಕುಳಿ. ನಾಲ್ಕು ದಿನದ ಕೆಲಸ ಮತ್ತೆ ಮೊದಲಿನಿಂದ. ಅಂದಿನಿಂದ ಪೇಂಟ್ ನಡೆಯುವ ಜಾಗಕ್ಕೆ ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ತಂದಿಲ್ಲ.

ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರವ ಹಚ್ಚಿ. ಒಂದು ಬಟ್ಟೆಯಲ್ಲಿ ಹಚ್ಚಬೇಕು, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಇದನ್ನು ಉಜ್ಜುವ ಮೊದಲು ಮಾಡಬೇಕು. ಮೊದಲು ಉಜ್ಜಿದರೆ ಎಮರಿ ಪೇಪರ್ ಆ ಜಿಡ್ಡನ್ನು ಗೀರಿನೊಳಗೆ ತುಂಬುತ್ತದೆ. ಉಜ್ಜಿದ ಮೇಲೆ ಇನ್ನೊಂದು ಸಲ, ಬಣ್ಣ ಹೊಡೆಯುವ ಮುಂಚೆ ಮತ್ತೊಂದು ಸಲ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆಯೂ ಎಣ್ಣೆಯೇ.

ಕಂಪನಿ ಬಣ್ಣ ಎಷ್ಟು ತೆಳು ಅಂತ ತಿಳಿದರೆ ಕೈ ತಾನಾಗಿ ಹಗುರಾಗುತ್ತದೆ. ಲೋಹದ ಮೇಲೆ ವಿದ್ಯುತ್ತಿನಲ್ಲಿ ಕೂರಿಸಿದ ಪ್ರೈಮರ್, ಅದರ ಮೇಲೆ ಮೈ ಸಮ ಮಾಡುವ ಸರ್ಫೇಸರ್, ಬೇಸ್ ಕೋಟ್, ಕ್ಲಿಯರ್. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅದರಲ್ಲಿ ಕ್ಲಿಯರ್ ಪಾಲು 40ರ ಆಸುಪಾಸು. ನೀವು ಉಜ್ಜಬೇಕಾದದ್ದು ಅಷ್ಟರ ಒಳಗೆ. ಬೆಳ್ಳಿಯವರೆಗೆ ಹೋದರೆ ಆ ಜಾಗ ಕಲೆಯಾಗಿ ಉಳಿಯುತ್ತದೆ, ನಮ್ಮ ಯೋಜನೆಯ ಲಾಭವೇ ಹೋಗುತ್ತದೆ.

ಇಲ್ಲಿ ಒಂದು ಪರೀಕ್ಷೆ ಬೇಕು. ಬಾನೆಟ್ಟಿನ ಒಳಬದಿ ಅಂಚಿಗೆ ಹೊರಗಿನ ಬಣ್ಣ ಬಂದಿರುವ ಕಡೆ, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಬಂದರೆ, ಹಿಂದೆ ಯಾರೋ ಹಾರ್ಡ್ನರ್ ಇಲ್ಲದ ಬಣ್ಣದಲ್ಲಿ ರೀಪೇಂಟ್ ಮಾಡಿದ್ದಾರೆ. ಅದರ ಮೇಲೆ ಹೊಸ ಥಿನ್ನರ್ ಬಿದ್ದರೆ ಹಳೆಯದು ಉಬ್ಬಿ ಸುಕ್ಕಾಗುತ್ತದೆ. ಹಾಗಿದ್ದರೆ ಹಳೆಯದನ್ನು ಪೂರ್ತಿ ತೆಗೆಯಬೇಕು, ಅದು ಬೇರೆಯದೇ ಕೆಲಸ. ಹಳೆಯ ಕ್ಲಿಯರ್ ಬಿಸಿಲಿಗೆ ಸಿಪ್ಪೆ ಏಳುತ್ತಿದ್ದರೂ ಇದೇ ಮಾತು. ಎದ್ದ ಸಿಪ್ಪೆಯ ಮೇಲೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದು ಆ ಸಿಪ್ಪೆಯ ಜೊತೆಗೇ ಹೋಗುತ್ತದೆ.

ಬಣ್ಣ ಗಟ್ಟಿ ಇದ್ದರೆ 800 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಎಮರಿ ಪೇಪರ್, ಸಾಕು. ಬಕೆಟ್ಟಿನಲ್ಲಿ ನೀರು, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು. ಪೇಪರನ್ನು ಮೆತ್ತನೆಯ ರಬ್ಬರ್ ಬ್ಲಾಕಿಗೆ ಸುತ್ತಿ ಉಜ್ಜಿ. ಬರೀ ಬೆರಳಲ್ಲಿ ಒತ್ತಿದರೆ ಬೆರಳಿನ ಗುರುತು ಕಾಲುವೆಯಾಗಿ ಬೀಳುತ್ತದೆ, ಹೊಳಪು ಬಂದ ಮೇಲೆ ಅದು ಕಾಣುತ್ತದೆ. ಬಾನೆಟ್ಟಿನ ಉಬ್ಬುಗೆರೆ, ಅಂಚು, ಮೂಲೆಗಳ ಮೇಲೆ ಬಣ್ಣ ಇನ್ನೂ ತೆಳು. ಅಲ್ಲೆಲ್ಲ ಮೊದಲು ಟೇಪ್ ಅಂಟಿಸಿ ಉಳಿದದ್ದನ್ನು ಉಜ್ಜಿ. ಕೊನೆಗೆ ಟೇಪ್ ಕಿತ್ತು, ಆ ಗೆರೆಗಳಿಗೆ ಬೂದು ಬಣ್ಣದ ಸ್ಕಫ್ ಪ್ಯಾಡಿನಲ್ಲಿ (ಪಾತ್ರೆ ಉಜ್ಜುವ ಸ್ಕ್ರಬ್ಬರಿನಂಥ ಮೆತ್ತನೆಯ ಪ್ಯಾಡ್) ನಾಲ್ಕು ಸಲ ಹಗುರಾಗಿ ಆಡಿಸಿದರೆ ಸಾಕು. ಒಣಗಿಸಿ ಬೆಳಕಿಗೆ ಓರೆಯಾಗಿ ನೋಡಿ. ಎಲ್ಲ ಕಡೆ ಒಂದೇ ಸಮ ಮಂಕಾಗಿರಬೇಕು. ಎಲ್ಲಾದರೂ ಹೊಳಪಿನ ಚುಕ್ಕೆ ಉಳಿದಿದ್ದರೆ ಅಲ್ಲಿ ಹೊಸ ಪದರಕ್ಕೆ ಹಿಡಿತ ಇಲ್ಲ. ಹೊರಬರುವ ನೊರೆ ಬಿಳಿಯಾಗಿದ್ದರೆ ನೀವು ಕ್ಲಿಯರ್‌ನಲ್ಲೇ ಇದ್ದೀರಿ. ನೊರೆ ಬೂದಾಗಿ ಬೆಳ್ಳಿ ಮಿನುಗಿದರೆ ತಕ್ಷಣ ಕೈ ನಿಲ್ಲಿಸಿ.

ಕಲ್ಲು ಬಡಿದ ಕುಳಿಗಳು ಬಾನೆಟ್ಟಿನ ಮೂತಿಯಲ್ಲಿ ಇದ್ದೇ ಇರುತ್ತವೆ. ಪಟ್ಟೆಯ ಒಳಗೆ ಬರುವ ಕುಳಿಗಳನ್ನು ಪುಟ್ಟಿ ಹಾಕಿ ಪೂರ್ತಿ ಸರಿ ಮಾಡಬಹುದು, ಮೇಲೆ ಹೊಸ ಬೆಳ್ಳಿ ಬರುತ್ತದೆ. ಪಟ್ಟೆಯ ಜಾಗವನ್ನು ಸ್ವಲ್ಪ ಆಚೀಚೆ ಮಾಡಿ ಹೆಚ್ಚು ಕುಳಿಗಳನ್ನು ಅದರೊಳಗೆ ಸೇರಿಸಿಕೊಳ್ಳಬಹುದು. ನಾನಂತೂ ವಿನ್ಯಾಸ ಹಾಕುವಾಗ ಇದನ್ನು ಖಂಡಿತ ನೋಡುತ್ತೇನೆ. ಪುಟ್ಟಿಗೆ ಹಾರ್ಡ್ನರ್ ತೂಕದಲ್ಲಿ ಸುಮಾರು 2 ಭಾಗ, ಅಂದರೆ 100 ಗ್ರಾಮಿಗೆ 2 ಗ್ರಾಮ್. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಆಮೇಲೆ ಮೇಲಿನ ಬಣ್ಣದಲ್ಲಿ ಕಲೆ ಏಳುತ್ತದೆ. ಪುಟ್ಟಿ ನೀರು ಹೀರುತ್ತದೆ, ಅದನ್ನು ಒಣದಾಗಿಯೇ ಉಜ್ಜಿ, ಧೂಳಿಗೆ ಮಾಸ್ಕ್ ಹಾಕಿ. ಮೊದಲು 180 ನಂಬರಿನ ಪೇಪರ್, ಆಮೇಲೆ 320. ಅದರ ಮೇಲೆ ಪ್ರೈಮರ್ ಹಾಕಿ, ಪ್ರೈಮರನ್ನು 600ರಲ್ಲಿ ಉಜ್ಜಿ. ಪ್ರೈಮರ್ ಆಯ್ಕೆ ಮಾಡುವಾಗಲೂ ಹಾರ್ಡ್ನರ್ ಇದೆಯೇ ನೋಡಿಕೊಳ್ಳಿ, ಐಸೊಸಯನೇಟ್ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಇನ್ನು ಟೇಪ್. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ. ಮಾಸ್ಕಿಂಗ್ ಟೇಪ್ ಹುಟ್ಟಿದ್ದೇ ಕಾರಿನ ಎರಡು ಬಣ್ಣದ ಕೆಲಸಕ್ಕಾಗಿ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳಿಗೆ ಬೇಡಿಕೆ ಬಂತು. ಪೇಂಟರ್‌ಗಳು ಕಾಗದವನ್ನು ಅಂಟು ಟೇಪಿನಲ್ಲಿ ಅಂಟಿಸುತ್ತಿದ್ದರು. ಕೀಳುವಾಗ ಹೊಸ ಬಣ್ಣವೂ ಕಿತ್ತುಬರುತ್ತಿತ್ತು. 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬ ಯುವಕ ವಾಟರ್ ಪೇಪರಿನ ಮಾದರಿ ಕೊಡಲು ಇಂಥ ಒಂದು ಶಾಪಿಗೆ ಹೋಗಿದ್ದ. ಅವರ ಪೇಚಾಟ ನೋಡಿ, ಬಣ್ಣವನ್ನು ಕೀಳದೆ ಬಿಟ್ಟುಬರುವ ಟೇಪ್ ಮಾಡಿಕೊಡುತ್ತೇನೆ ಎಂದ. 1925ರಲ್ಲಿ ಮಾಡಿಯೂ ಕೊಟ್ಟ. ನೂರು ವರ್ಷದ ಹಿಂದಿನ ಆ ಪೇಂಟರ್‌ಗಳ ಕಷ್ಟ ನಾವು ಇವತ್ತು ಪಡುತ್ತಿಲ್ಲವಲ್ಲ, ಅದು ಅವನಿಂದ.

ಆದರೆ ಪಟ್ಟೆಯ ಅಂಚಿಗೆ ಆ ಕಾಗದದ ಟೇಪ್ ಸಾಲದು. ಅದರ ಮೈ ಸುಕ್ಕು ಸುಕ್ಕಾಗಿರುತ್ತದೆ, ಆ ಸುಕ್ಕಿನೊಳಗೆ ಬಣ್ಣ ನುಗ್ಗುತ್ತದೆ. ಅಂಚಿಗೆ ಫೈನ್ ಲೈನ್ ಎಂಬ ಪ್ಲಾಸ್ಟಿಕ್ ಟೇಪ್ ಬಳಸಿ. ನೇರ ಗೆರೆಗೆ 6 ಮಿ.ಮೀ. ಅಗಲದ್ದು, ತಿರುವಿಗೆ 3 ಮಿ.ಮೀ. ಅಗಲದ್ದು. ಕಾಗದದ ಟೇಪ್ ಅದರ ಹಿಂದೆ ಬರಲಿ, ಅದರ ಹಿಂದೆ ಮಾಸ್ಕಿಂಗ್ ಪೇಪರ್. ಹಳೆಯ ಪತ್ರಿಕೆ ಬೇಡ. ಥಿನ್ನರ್ ಅದರೊಳಗೆ ಇಳಿಯುತ್ತದೆ, ಮಸಿ ಬಣ್ಣಕ್ಕೆ ಹತ್ತುತ್ತದೆ.

ಬಾನೆಟ್ ಚಪ್ಪಟೆ ಅಲ್ಲ. ಮುಂದೆ ಕಿರಿದು, ಹಿಂದೆ ಅಗಲ, ಮಧ್ಯೆ ಉಬ್ಬು. ಅಂಚಿನಿಂದ ಅಳತೆ ಹಿಡಿದು ಪಟ್ಟೆ ಹಾಕಿದರೆ ಟೇಪಿನ ಲೆಕ್ಕದಲ್ಲಿ ಸರಿ ಇರುತ್ತದೆ, ಕಣ್ಣಿನ ಲೆಕ್ಕದಲ್ಲಿ ಸೊಟ್ಟ. ಆದ್ದರಿಂದ ಬಾನೆಟ್ ಬಿಚ್ಚುವ ಮೊದಲೇ, ಕಾರಿನ ಮೇಲೆಯೇ ಒಂದು ಸಲ ವಿನ್ಯಾಸ ಹಾಕಿ ನೋಡಿ. ಗಾಜಿನ ಕೆಳಗಿನ ಮಧ್ಯಬಿಂದುವಿನಿಂದ ಮೂತಿಯ ಲಾಂಛನದ ಮಧ್ಯಕ್ಕೆ ದಾರ ಎಳೆಯಿರಿ. ಅದೇ ನಡುಗೆರೆ. ಅದರಿಂದ ಎರಡೂ ಬದಿಗೆ ಅಳತೆ ಹಾಕಿ ಅಗ್ಗದ ಟೇಪ್ ಅಂಟಿಸಿ. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಕೂತು ನೋಡಿ. ಚಾಲಕನ ಸೀಟಿನಿಂದ ನೋಡಿ. ರಾತ್ರಿ ಹಾಗೇ ಬಿಟ್ಟು ಮಾರನೇ ದಿನ ಬೆಳಿಗ್ಗೆ ಮತ್ತೆ ನೋಡಿ. ಹಿಂದಿನ ದಿನ ಸರಿ ಅನ್ನಿಸಿದ್ದು ಬೆಳಿಗ್ಗೆ ಸರಿ ಇರುವುದಿಲ್ಲ, ಇದು ನನಗೆ ಪ್ರತಿ ಸಲವೂ ಆಗುತ್ತದೆ. ಒಪ್ಪಿಗೆಯಾದ ಮೇಲೆ ಫೋಟೋ ತೆಗೆದು, ಅಳತೆ ಬರೆದುಕೊಂಡು, ಟೇಪ್ ಕಿತ್ತು ತೊಳೆಯಲು ಶುರು ಮಾಡಿ.

ಫೈನ್ ಲೈನ್ ಟೇಪನ್ನು ಅಂಟಿಸುವಾಗ ಎಳೆದು ಹಿಗ್ಗಿಸಬೇಡಿ. ಹಿಗ್ಗಿಸಿದ್ದು ರಾತ್ರಿಯಲ್ಲಿ ಕುಗ್ಗಿ ತುದಿಯಲ್ಲಿ ಏಳುತ್ತದೆ. ಒಂದು ಕೈಯಲ್ಲಿ ಉರುಳೆ ದೂರ ಹಿಡಿಯಿರಿ, ಕಣ್ಣು ಟೇಪ್ ಮುಟ್ಟುವ ಜಾಗದ ಮೇಲೆ ಅಲ್ಲ, ಅದು ಸೇರಬೇಕಾದ ತುದಿಯ ಮೇಲೆ ಇರಲಿ. ಇನ್ನೊಂದು ಕೈಯ ಬೆರಳು ಹಿಂದಿನಿಂದ ಒತ್ತುತ್ತಾ ಬರಲಿ. ಸೊಟ್ಟವಾದರೆ ಅಲ್ಲಲ್ಲೇ ತಿದ್ದಲು ಹೋಗದೆ ಪೂರ್ತಿ ಕಿತ್ತು ಹೊಸದಾಗಿ ಎಳೆಯಿರಿ.

ಈಗ ಗನ್. ನಿಮ್ಮ ಕಂಪ್ರೆಸರ್ ಇಡೀ ಕಾರಿಗೆ ಸಾಲುತ್ತಿರಲಿಲ್ಲ. ದೊಡ್ಡ ಎಚ್‌ವಿಎಲ್‌ಪಿ ಗನ್ನಿಗೆ (ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡುವ ಗನ್) ಗಾಳಿ ತುಂಬ ಬೇಕು, ಅರ್ಧ ಬಾಗಿಲಿಗೆ ಬರುವಷ್ಟರಲ್ಲಿ ಒತ್ತಡ ಇಳಿದು ಬಣ್ಣ ಹನಿ ಹನಿಯಾಗಿ ಬೀಳುತ್ತದೆ. ಪಟ್ಟೆಗೆ ಟಚ್‌ಅಪ್ ಗನ್ ಎಂಬ ಸಣ್ಣ ಗನ್ ಕೊಳ್ಳಿ, 0.8ರಿಂದ 1.0 ಮಿ.ಮೀ. ನಾಜಲ್ ಇರುವುದು. ಅದಕ್ಕೆ ನಿಮ್ಮ ಕಂಪ್ರೆಸರ್ ಸಾಕು. ಒಂದು ಪಟ್ಟೆ ಮುಗಿದ ಮೇಲೆ ಟ್ಯಾಂಕ್ ತುಂಬಿಕೊಳ್ಳಲು ಬಿಡಿ. ಗಾಳಿಯಲ್ಲಿ ನೀರು ಬರದಂತೆ ನೋಡಿ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಪೈಪಿನಲ್ಲಿ ತಣ್ಣಗಾಗುತ್ತಾ ಬಂದಾಗ ಅದರೊಳಗಿನ ತೇವ ನೀರಾಗುತ್ತದೆ. ಅದಕ್ಕೇ ಆ ನೀರನ್ನು ಹಿಡಿದಿಡುವ ವಾಟರ್ ಟ್ರ್ಯಾಪನ್ನು ಕಂಪ್ರೆಸರಿನ ಬಾಯಿಗೇ ಹಾಕದೆ ಪೈಪಿನ ಗನ್ ಕಡೆಯ ತುದಿಯಲ್ಲಿ ಹಾಕುವುದು.

ಗುಜರಿಯಿಂದ ಒಂದು ಹಳೆಯ ಬಾನೆಟ್ ತನ್ನಿ. ಇದು ಬೇಕಾದರೆ ಮಾಡಿ, ಬೇಡವಾದರೆ ಬಿಡಿ ಅನ್ನುವ ಮಾತಲ್ಲ. ಇದನ್ನು ಮಾಡದಿದ್ದರೆ ನಿಮ್ಮ ಕಾರಿನ ಬಾನೆಟ್ಟೇ ಅಭ್ಯಾಸದ ಹಲಗೆಯಾಗುತ್ತದೆ. ಅದರ ಮೇಲೆ ಎರಡು ಮೂರು ದಿನ ಪಟ್ಟೆ ಹೊಡೆಯಿರಿ. ಗನ್ ಮೇಲ್ಮೈಯಿಂದ ಸುಮಾರು 15 ಸೆಂ.ಮೀ. ದೂರ, ಯಾವಾಗಲೂ ಲಂಬವಾಗಿ. ಮಣಿಕಟ್ಟು ತಿರುಗಿಸಿದರೆ ಗನ್ ಕಮಾನಿನ ಹಾಗೆ ಓಡುತ್ತದೆ, ಮಧ್ಯ ದಪ್ಪ, ತುದಿ ತೆಳು. ತೋಳು ಪೂರ್ತಿ ಚಲಿಸಲಿ, ಬೇಕಾದರೆ ಕಾಲೂ ನಡೆಯಲಿ. ಪಟ್ಟೆಗಿಂತ ಒಂದು ಗೇಣು ಮೊದಲೇ ಟ್ರಿಗರ್ ಒತ್ತಿ, ಒಂದು ಗೇಣು ದಾಟಿದ ಮೇಲೆ ಬಿಡಿ. ಗನ್ನಿನ ಪೈಪನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಿ, ಒದ್ದೆ ಬಣ್ಣದ ಮೇಲೆ ಅದು ಎಳೆದಾಡಿದರೆ ಮುಗಿಯಿತು. ಗನ್ ಬಾಗಿದಾಗ ಬಟ್ಟಲಿನ ಮುಚ್ಚಳದಿಂದ ಹನಿ ಜಾರಬಹುದು, ಸುತ್ತ ಒಂದು ಬಟ್ಟೆಯ ಪಟ್ಟಿ ಕಟ್ಟಿ.

ಅಭ್ಯಾಸದ ಬಾನೆಟ್ಟಿನಲ್ಲೇ ಕ್ಯಾಂಡಿಯ ಕೋಟ್ ಎಣಿಸಿಕೊಳ್ಳಿ. ಮೊದಲ ತುಂಡಿಗೆ ಎರಡು ಕೋಟ್, ಎರಡನೆಯದಕ್ಕೆ ಮೂರು, ಹೀಗೆ ಆರರವರೆಗೆ. ಒಣಗಿದ ಮೇಲೆ ಬಿಸಿಲಿಗೆ ಹಿಡಿದು ಯಾವುದು ನಿಮ್ಮ ಕೆಂಪು ಅಂತ ಆರಿಸಿ. ಮನೆಯೊಳಗಿನ ದೀಪದಲ್ಲಿ ಆರಿಸಬೇಡಿ. ಆ ಸಂಖ್ಯೆಯೇ ನಿಮ್ಮ ಅಳತೆ. ಗನ್ನಿನ ಒತ್ತಡ, ಬಣ್ಣ ಬಿಡುವ ತಿರುಪು, ಥಿನ್ನರ್ ಪ್ರಮಾಣ ಎಲ್ಲವನ್ನೂ ಬರೆದಿಡಿ.

ನಿಜವಾದ ದಿನ ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳದು. ಸುಮಾರು 20ರಿಂದ 25 ಡಿಗ್ರಿ ಇರುವ, ಮಳೆ ಇಲ್ಲದ ಹೊತ್ತು ನೋಡಿ. ಟ್ಯಾಕ್ ಬಟ್ಟೆಯಲ್ಲಿ, ಅಂದರೆ ಧೂಳು ಹಿಡಿಯುವ ಅಂಟು ಬಟ್ಟೆಯಲ್ಲಿ, ಹಗುರಾಗಿ ಒರೆಸಿ. ಪಟ್ಟೆಯೊಳಗೆ ಮೊದಲು ಹೊಸ ಬೆಳ್ಳಿ ಬೇಸ್. ಉಜ್ಜಿದ ಗೀರಿನ ಮೇಲೆ ನೇರವಾಗಿ ಕ್ಯಾಂಡಿ ಹಾಕಿದರೆ ಪಾರದರ್ಶಕ ಬಣ್ಣ ಗೀರಿನಲ್ಲಿ ಕೂತು ಕಾಣಬಹುದು. ಬೆಳ್ಳಿಯ ಮೊದಲ ಕೋಟ್ ಮಂಜಿನ ಹಾಗೆ ಒಣದಾಗಿ ಇರಲಿ. ಅದು ಟೇಪಿನ ಅಂಚನ್ನು ಮುಚ್ಚಿಬಿಡುತ್ತದೆ. ಆಮೇಲೆ ಬರುವ ಕೆಂಪು ಟೇಪಿನ ಕೆಳಗೆ ನುಗ್ಗುವುದಿಲ್ಲ. ನುಗ್ಗಿದರೆ ಈ ಬೆಳ್ಳಿಯೇ ನುಗ್ಗಬೇಕು, ಬೆಳ್ಳಿಯ ಪಕ್ಕದ ಬೆಳ್ಳಿ ಯಾರಿಗೂ ಕಾಣುವುದಿಲ್ಲ. ಪ್ರತಿ ಕೋಟ್ ನಡುವೆ ಡೇಟಾ ಶೀಟ್ (ಬಣ್ಣದ ಕಂಪನಿ ಕೊಡುವ ಸೂಚನಾ ಹಾಳೆ) ಹೇಳಿದಷ್ಟು ಹೊತ್ತು ಕಾಯಿರಿ, ಸಾಮಾನ್ಯವಾಗಿ 10–15 ನಿಮಿಷ. ಮೈ ಮಂಕಾದ ಮೇಲೆ ಮುಂದಿನದು. ಅವಸರದಲ್ಲಿ ಒದ್ದೆಯ ಮೇಲೆ ಒದ್ದೆ ಹಾಕಿದರೆ ಕೆಳಗೆ ಸಿಕ್ಕಿಕೊಂಡ ಥಿನ್ನರ್ ಆಮೇಲೆ ಸೂಜಿಮೊನೆಯಷ್ಟು ಗುಳ್ಳೆಯಾಗಿ ಹೊರಬರುತ್ತದೆ. ಕ್ಯಾಂಡಿಯನ್ನು ಒಂದು ಕೋಟ್ ಎಡದಿಂದ, ಮುಂದಿನದು ಬಲದಿಂದ ಶುರು ಮಾಡಿ. ಎಣಿಸಿದ ಸಂಖ್ಯೆ ಮುಗಿದಾಗ ನಿಲ್ಲಿಸಿ. ಇನ್ನೊಂದು ಕೋಟ್ ಹಾಕಿದರೆ ಇನ್ನೂ ಚೆನ್ನಾಗಿರುತ್ತೇನೋ ಅನ್ನಿಸುತ್ತದೆ. ಒದ್ದೆ ಬಣ್ಣದ ಮುಂದೆ ನಿಂತವರಿಗೆಲ್ಲ ಹಾಗನ್ನಿಸುತ್ತದೆ, ಬೇಡ.

ಕ್ಯಾಂಡಿಯ ಮೇಲೆ ಇಂಟರ್‌ಕೋಟ್ ಕ್ಲಿಯರ್ ಎಂಬ ಹಾರ್ಡ್ನರ್ ಇಲ್ಲದ ಬಣ್ಣವಿಲ್ಲದ ಪದರವನ್ನು ಒಂದೆರಡು ಕೋಟ್ ಹಾಕಿ. ಕಪ್ಪು ಗೆರೆಗೆ ಮತ್ತೆ ಟೇಪ್ ಅಂಟಿಸಬೇಕಲ್ಲ, ಆಗ ಕ್ಯಾಂಡಿಗೆ ಪೆಟ್ಟಾಗದು. ಡೇಟಾ ಶೀಟ್ ಹೇಳಿದ ಸಮಯ ಬಿಟ್ಟು, ಪಟ್ಟೆಯ ಅಂಚಿನಲ್ಲಿ 3 ಮಿ.ಮೀ. ಸಂದು ಉಳಿಸಿ ಎರಡೂ ಬದಿಗೆ ಟೇಪ್ ಹಾಕಿ, ಕಪ್ಪನ್ನು ಎರಡು ತೆಳು ಕೋಟ್ ಹೊಡೆಯಿರಿ. ಬೆಳ್ಳಿ–ಕೆಂಪು ಸೇರುವ ಜಾಗದಲ್ಲಿ ಚಿಕ್ಕಪುಟ್ಟ ತಪ್ಪುಗಳಿದ್ದರೆ ಈ ಗೆರೆ ಅವನ್ನು ಮುಚ್ಚಿಹಾಕುತ್ತದೆ. ನಾನು ಕಪ್ಪು ಅಂಚು ಸೇರಿಸಿದ್ದು ಅದಕ್ಕೂ ಹೌದು.

ಟೇಪ್ ಕೀಳುವುದು ಬಣ್ಣ ಕೈಗೆ ಹತ್ತದಷ್ಟು ಆರಿದಾಗ, ಪೂರ್ತಿ ಗಟ್ಟಿಯಾಗುವ ಮೊದಲು. ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಬಣ್ಣದ ಕಡೆಯಿಂದ ಆಚೆಗೆ, ನಿಧಾನ ಎಳೆಯಿರಿ. ಮೇಲಕ್ಕೆ ಎತ್ತಿ ಕಿತ್ತರೆ ಅಂಚು ಹರಿದು ಬರುತ್ತದೆ.

ಅಲ್ಲಿಂದ ಬಾನೆಟ್ ಶಾಪಿಗೆ. ಬೇಸ್ ಕೋಟ್ ಮೇಲೆ ಕ್ಲಿಯರ್ ಬೀಳಲು ಒಂದು ಅವಧಿ ಇದೆ, ಹೆಚ್ಚಾಗಿ ಒಂದು ದಿನದ ಒಳಗೆ. ಅದಕ್ಕೆ ತಕ್ಕಂತೆ ಮೊದಲೇ ಸಮಯ ಗೊತ್ತುಮಾಡಿ. ಪಟ್ಟೆಯ ಅಂಚು ಬೆರಳಿಗೆ ಮೆಟ್ಟಿಲಿನ ಹಾಗೆ ಸಿಗುತ್ತದೆ. ಅದು ಬೇಡವೆಂದರೆ ಎರಡು ಸುತ್ತಿನ ಕ್ಲಿಯರ್ ಕೇಳಿ: ಎರಡು ಮೂರು ಕೋಟ್ ಹಾಕಿ, ಗಟ್ಟಿಯಾದ ಮೇಲೆ ಸಮ ಉಜ್ಜಿ, ಮತ್ತೆ ಎರಡು ಕೋಟ್. ಖರ್ಚು ಜಾಸ್ತಿ, ಆದರೆ ಕೈ ಆಡಿಸಿದರೆ ಗಾಜಿನ ಮೇಲೆ ಆಡಿಸಿದ ಹಾಗೆ. ನನ್ನನ್ನು ಕೇಳಿದರೆ ಮಾಡಿಸಿ.

ಬಂಪರಿನವರೆಗೂ ಪಟ್ಟೆ ತರುವ ಮನಸ್ಸಾದರೆ ಎರಡು ವಿಷಯ. ಪ್ಲಾಸ್ಟಿಕ್ ಬರಿಮೈಯಾದ ಕಡೆ, ಬಣ್ಣಕ್ಕೆ ಹಿಡಿತ ಕೊಡುವ ಅಡ್ಹೀಶನ್ ಪ್ರಮೋಟರ್ ಇಲ್ಲದೆ ಬಣ್ಣ ನಿಲ್ಲುವುದಿಲ್ಲ. ಬಂಪರಿನ ಹಿಂದೆ ರಾಡಾರ್ ಇರುವ ಕಾರಾದರೆ ಅದರ ಮುಂದೆ ಲೋಹದ ಚೂರಿನ ಬಣ್ಣವನ್ನು ದಪ್ಪ ಹಾಕಬಾರದು, ರಾಡಾರಿನ ಅಲೆಗಳಿಗೆ ತಡೆಯಾಗಬಹುದು. ಇಡೀ ಕಾರಿನ ಬಣ್ಣ ಬದಲಿಸುವುದಾದರೆ ನೋಂದಣಿ ಪತ್ರ ಮತ್ತು ವಿಮೆಯ ಪ್ರಶ್ನೆ ಬರುತ್ತದೆ. ಪಟ್ಟೆಗೂ ನಿಮ್ಮ ಕಡೆಯ ನಿಯಮ ಒಮ್ಮೆ ಕೇಳಿಕೊಳ್ಳಿ.

ಎರಡು ವಾರ ಸಾಕು, ಆದರೆ ಅದರಲ್ಲಿ ನಿಮ್ಮ ಬಾನೆಟ್ಟಿಗೆ ಪಟ್ಟೆಯ ಬಣ್ಣ ಹೊಡೆಯುವುದು ಒಂದು ದಿನ ಮಾತ್ರ. ಉಳಿದದ್ದೆಲ್ಲ ತೊಳೆಯುವುದು, ಉಜ್ಜುವುದು, ಟೇಪು, ಅಭ್ಯಾಸ, ಕಾಯುವುದು. ಬಾನೆಟ್ ವಾಪಸ್ ಕೂರಿಸಿದ ಮೇಲೆ ಒಂದೆರಡು ತಿಂಗಳು ವ್ಯಾಕ್ಸ್ ಹಚ್ಚಬೇಡಿ, ಒಳಗಿನ ಥಿನ್ನರ್ ಪೂರ್ತಿ ಹೊರಗೆ ಹೋಗಲಿ. ಹಕ್ಕಿ ಹಿಕ್ಕೆ ಬಿದ್ದರೆ ಆಗಲೇ ನೀರು ಹಾಕಿ ತೊಳೆಯಿರಿ. ಕ್ಯಾಂಡಿ ಬಣ್ಣ ಬಿಸಿಲಿಗೆ ಬೇರೆ ಬಣ್ಣಗಳಿಗಿಂತ ಬೇಗ ಮಾಸುತ್ತದೆ, ನೆರಳಿನಲ್ಲಿ ನಿಲ್ಲಿಸಿ. ಉಳಿದ ಬಣ್ಣವನ್ನು ಚಿಕ್ಕ ಗಾಜಿನ ಬಾಟಲಿಗೆ ಮೇಲಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಕೋಟುಗಳ ಸಂಖ್ಯೆ, ಒತ್ತಡ, ಥಿನ್ನರ್ ಲೆಕ್ಕ ಬರೆದ ಚೀಟಿಯನ್ನು ಅದಕ್ಕೇ ಅಂಟಿಸಿ. ಮುಂದಿನ ವರ್ಷ ಡಿಕ್ಕಿಯ ಬಾಗಿಲಿಗೂ ಅದೇ ಪಟ್ಟೆ ಹಾಕೋಣ ಅನ್ನಿಸಿದಾಗ ಮೊದಲು ಹುಡುಕುವುದು ಆ ಚೀಟಿಯನ್ನೇ.